ಜೆರಾಕ್ಸ್ ರಿಪೇರಿಗೆ ಹೋದಲ್ಲೆಲ್ಲ

ಜೆರಾಕ್ಸ್ ಮಷೀನು ರಿಪೇರಿ ಮಾಡುವವನಿಗೆ ವಿಚಿತ್ರ ಪ್ರಸಂಗಗಳು ಎದುರಾಗುತ್ತಲೇ ಇರುತ್ತವೆ. ಬ್ಯಾಗು ಹೆಗಲಿಗೇರಿಸಿ ಬಸ್ಸು ಹತ್ತಿದರೆ, ಇಳಿದ ಊರಿನಲ್ಲಿ ಕೆಟ್ಟಿರುವುದು ಮಷೀನೋ ಇನ್ನೇನೋ ಎಂಬುದು ಹೋಗಿ ನೋಡಿದ ಮೇಲೇ ತಿಳಿಯುತ್ತಿತ್ತು. ಎಂಬತ್ತರ ದಶಕದ ಕೊನೆಗೆ ನಾನು ಈ ಕೆಲಸಕ್ಕೆ ಬಿದ್ದಾಗ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಊರು ಸೇರಿಸಿದರೂ ಮಷೀನು ಎಣಿಸಲು ಎರಡು ಕೈಯ ಬೆರಳು ಸಾಲುತ್ತಿದ್ದವು. ನನ್ನ ಮನೆ ಸಿಂಧನೂರಿನಲ್ಲಿ. ಮೂರೂ ಊರಿಗೆ ರಿಪೇರಿಯವನು ನಾನೊಬ್ಬನೇ. ಬ್ಯಾಗಿನಲ್ಲಿ ಸ್ಕ್ರೂಡ್ರೈವರು, ಹಳೇ ಪಂಚೆಯ ತುಂಡು, ಒಂದು ಬ್ರಶ್ಶು, ಅಕ್ಷರ ಮೂಡಿಸುವ ಕಪ್ಪು ಪುಡಿಯ ಡಬ್ಬಿ. ಮಷೀನಿನ ಒಳಗೆ ಏನಾಗುತ್ತದೆ ಎಂಬುದನ್ನು ಹೈದರಾಬಾದಿನಲ್ಲಿ ಹದಿನೈದು ದಿನ ಕೂರಿಸಿ ಕಲಿಸಿದ್ದರು. ಅದರ ಹೊರಗೆ ಏನಾಗುತ್ತದೆ ಎಂಬುದನ್ನು ಯಾರೂ ಕಲಿಸಿರಲಿಲ್ಲ.

ಎರಡು ಬಾಗಿಲು

ಲಿಂಗಸುಗೂರಿನಲ್ಲಿ ಒಬ್ಬರು ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಎಸ್‌ಟಿಡಿ ಬೂತು ಇಟ್ಟು, ಅದರ ಮೂಲೆಯಲ್ಲಿ ಜೆರಾಕ್ಸ್ ಮಷೀನು ಹಾಕಿದ್ದರು. ಒಂದು ದಿನ ಮಧ್ಯಾಹ್ನ ಅವರಿಂದ ಫೋನು ಬಂತು. ನಾನು ಕೂರುತ್ತಿದ್ದ ರೇಡಿಯೋ ಅಂಗಡಿಯಲ್ಲಿ ಬೇರೊಂದು ಮಷೀನು ಬಿಚ್ಚಿ ನೆಲದ ತುಂಬ ಹರವಿಕೊಂಡಿದ್ದೆ. ಎದ್ದು ಹೋಗುವ ಹಾಗಿರಲಿಲ್ಲ.

"ಕಾಗದ ಒಳಗ ಸಿಕ್ಕೊಂಡೈತ್ರಿ. ಹೊರಗ ಬರವಲ್ದು. ಕೋರ್ಟಿಗೆ ಹೋಗೋ ಮಂದಿ ಮುಂದ ನಿಂತಾರ. ಜಲ್ದಿ ಬರ್ರಿ," ಎಂದರು.

"ನಾ ಬರಾಕ ಸಂಜಿ ಆಗ್ತೈತ್ರಿ. ಫೋನಿನಾಗ ಹೇಳ್ತೀನಿ, ಹಂಗ ಮಾಡ್ಕೋತ ಹೋಗ್ರಿ. ಮೊದಲು ಮುಂದಿನ ಬಾಗಿಲು ತೆಗೀರಿ."

"ಅದನ್ನ ಮುಂಜಾನಿ ಎಂಟಕ್ಕ ತೆಗೆದೀನ್ರಿ."

ನನಗೆ ಆಗಲೇ ಸಂಶಯ ಬರಬೇಕಿತ್ತು. ಬರಲಿಲ್ಲ. ಬೆಳಿಗ್ಗೆಯೇ ತಾವೂ ಒಂದು ಕೈ ನೋಡಿರಬೇಕು ಎಂದುಕೊಂಡೆ.

"ಚಲೋ ಆತು. ಒಳಗ ಕಾಗದ ಕಾಣಿಸ್ತೈತೇನ್ರಿ?"

"ಭಾಳ ಕಾಗದ ಕಾಣಿಸ್ತಾವ್ರಿ."

"ಎಲ್ಲಾ ತೆಗೀರಿ ಹೊರಗ."

ಆ ಕಡೆಯಿಂದ ಕಟ್ಟುಗಳನ್ನು ಎತ್ತಿ ಇಡುವ ಸಪ್ಪಳ ಬಹಳ ಹೊತ್ತು ಕೇಳಿಸಿತು. ಆಮೇಲೆ ಉಸಿರು ಬಿಡುತ್ತ ಬಂದು, "ಎಲ್ಲಾ ಹೊರಗಿನ ಕಟ್ಟಿ ಮ್ಯಾಲೆ ಸಾಗಿಸಿದೆ. ಈಗ?" ಎಂದರು.

"ಈಗ ಹಿಂದಿನ ಬಾಗಿಲು ತೆಗೀರಿ."

ಅವರ ದನಿ ಸಣ್ಣದಾಯಿತು. "ಹಿಂದಿಂದೂ ತೆಗೀಬೇಕೇನ್ರಿ?"

"ತೆಗೀಲಿಲ್ಲಂದ್ರ ಕಾಗದ ಬರಂಗಿಲ್ರೀ."

"ನೀವು ಹೇಳಿದ್ದಕ್ಕ ತೆಗೀತೀನಿ. ಮುಂದ ಏನರ ಆದ್ರ ನಾ ಜವಾಬ್ದಾರ ಅಲ್ಲ."

ಫೋನು ಮೇಜಿನ ಮೇಲೆ ಇಟ್ಟ ಸದ್ದಾಯಿತು. ಅಗಳಿ ಸರಿದ ಸದ್ದು. ಹೆಣ್ಣುಮಗಳೊಬ್ಬಳು ಒದರಿದ್ದು. ತಾಮ್ರದ ಕೊಡವೋ ಏನೋ ಉರುಳಿದ್ದು. ಯಾರೋ "ಏ, ಸರೀರಿ ಸರೀರಿ" ಎಂದದ್ದು. ಮತ್ತೆ ಫೋನಿಗೆ ಬಂದಾಗ ಅವರಿಗೆ ಏದುಸಿರು.

"ಎರಡೂ ಬಾಗಿಲು ತೆಗೆದೀನ್ರಿ. ಹಿತ್ತಲದಾಗಿನ ಎಮ್ಮಿ ಒಳಗ ಬಂದು ಮಷೀನಿನ ಮುಂದ ನಿಂತೈತಿ. ಈಗ ಯಾವ ಬಟನ್ ಒತ್ತಲಿ?"

ಬದಲಾಯಿಸಿದ ಭಾಗ

ಅದೇ ತಾಲೂಕಿನ ಒಂದು ಹೈಸ್ಕೂಲಿಗೆ ಯಾರೋ ದಾನಿಗಳು ಹಳೇ ಮಷೀನೊಂದನ್ನು ಕೊಟ್ಟಿದ್ದರು. ಹೆಡ್‌ಮಾಸ್ತರರು ಬಹಳ ಶಿಸ್ತಿನವರು. ಮಷೀನಿಗೆ ಬೇರೆ ಯಾರೂ ಕೈ ಹಚ್ಚಬಾರದೆಂದು ಅದನ್ನು ತಮ್ಮ ಕೋಣೆಯಲ್ಲೇ ಇಟ್ಟುಕೊಂಡು, ತಾವೇ ನಡೆಸುತ್ತಿದ್ದರು. ಪರೀಕ್ಷೆಯ ದಿನ ಬೆಳಿಗ್ಗೆ ಒಬ್ಬ ಮಾಸ್ತರರು ಮೋಟರ್ ಸೈಕಲ್ಲಿನ ಮೇಲೆ ಬಂದು ನನ್ನನ್ನು ಕೂರಿಸಿಕೊಂಡೇ ಹೋದರು. ಪರೀಕ್ಷೆ ಎರಡು ಗಂಟೆಗೆ. ನಾವು ಹೋಗಿ ಮುಟ್ಟಿದಾಗ ಹನ್ನೆರಡೂವರೆ.

ಹೆಡ್‌ಮಾಸ್ತರರು ಬಿಳೀ ಹಾಳೆಗಳ ದೊಡ್ಡ ಗುಡ್ಡದ ಪಕ್ಕದಲ್ಲಿ ಕೂತಿದ್ದರು.

"ಮುಂಜಾನಿಂದ ಇನ್ನೂರು ಕಾಪಿ ತೆಗೆದೀನಿ. ಒಂದರಾಗೂ ಪ್ರಶ್ನಿ ಬಂದಿಲ್ಲ," ಎಂದರು.

ನಾನು ಮುಚ್ಚಳ ಎತ್ತಿದೆ. ಪ್ರಶ್ನೆಪತ್ರಿಕೆ ಅಂಗಾತ ಮಲಗಿ ಮೇಲಿನ ಫ್ಯಾನು ನೋಡುತ್ತಿತ್ತು. ಅದನ್ನು ಬೋರಲು ಹಾಕಿ ಬಟನ್ ಒತ್ತಿದೆ. ಹತ್ತೂ ಪ್ರಶ್ನೆ ಅಚ್ಚುಕಟ್ಟಾಗಿ ಹೊರಗೆ ಬಂದವು.

ಕೋಣೆಯಲ್ಲಿ ನಾಲ್ಕೈದು ಮಂದಿ ಮಾಸ್ತರರು ನಿಂತಿದ್ದರು. ಒಬ್ಬರಿಗೆ ಕೆಮ್ಮು ಬಂತು. ಇನ್ನೊಬ್ಬರು ಗೋಡೆಯ ಮೇಲಿನ ನಕಾಶೆಯಲ್ಲಿ ಏನೋ ಹುಡುಕತೊಡಗಿದರು. ಹೆಡ್‌ಮಾಸ್ತರರು ಮಾತ್ರ ಮುಖದ ಒಂದು ಗೆರೆಯೂ ಅಲುಗದಂತೆ ಡ್ರಾವರಿನಿಂದ ರಿಪೇರಿ ರಿಜಿಸ್ಟರು ತೆಗೆದು ನನ್ನ ಮುಂದೆ ಇಟ್ಟರು.

"ಬದಲಾಯಿಸಿದ ಭಾಗ ಅನ್ನೋ ಕಾಲಂ ಖಾಲಿ ಬಿಡಂಗಿಲ್ಲ. ಏನರ ಬರೀರಿ."

"ಏನೂ ಬದಲಾಯಿಸಿಲ್ಲಲ್ರೀ ಸರ್."

"ಅದು ನನಗೂ ಗೊತ್ತೈತಿ," ಎಂದು ದನಿ ತಗ್ಗಿಸಿ, "ಆದ್ರ ಇವರೆಲ್ಲಾ ನೋಡಾಕತ್ತಾರ. ಬರೀರಿ," ಎಂದರು.

ಮನುಷ್ಯ ಒಳ್ಳೆಯವರು. ಮಕ್ಕಳ ಪರೀಕ್ಷೆಗೆಂದು ಬೆಳಗಿನಿಂದ ಉಂಡಿರಲಿಲ್ಲ. ಸುಳ್ಳೂ ಆಗಬಾರದು, ಅವರ ಮಾನವೂ ಹೋಗಬಾರದು ಎಂದು ಯೋಚಿಸಿ, "ಮೂಲಪ್ರತಿಯ ಮುಖ ಬದಲಾಯಿಸಲಾಯಿತು" ಎಂದು ಬರೆದು ಸಹಿ ಹಾಕಿದೆ. ಅವರು ಓದಿ, ತಲೆಯಾಡಿಸಿ, ಸೀಲು ಒತ್ತಿದರು. ಪರೀಕ್ಷೆ ಎರಡು ಗಂಟೆಗೆ ಸರಿಯಾಗಿ ಸುರುವಾಯಿತು.

ಮರುವರ್ಷ ಅವರಿಗೆ ವರ್ಗವಾಗಿ ಹೊಸ ಹೆಡ್‌ಮಾಸ್ತರರು ಬಂದರು. ಮಳೆಗಾಲ ಮುಗಿಯುವ ಹೊತ್ತಿಗೆ ನನಗೊಂದು ಪತ್ರ ಬಂತು, ಶಾಲೆಯ ಸೀಲಿನೊಡನೆ: "ಮಷೀನಿನಿಂದ ಪುನಃ ಖಾಲಿ ಹಾಳೆಗಳು ಬರುತ್ತಿವೆ. ರಿಜಿಸ್ಟರು ಪರಿಶೀಲಿಸಲಾಗಿ, ತಾವು ಹಿಂದೆ ಬದಲಾಯಿಸಿದ ಮೂಲಪ್ರತಿಯ ಮುಖ ಒಂದೇ ವರ್ಷದಲ್ಲಿ ಕೆಟ್ಟಿರುವುದು ಕಂಡುಬಂದಿದೆ. ಈ ಸಲ ಒಳ್ಳೆಯ ಕಂಪನಿಯದು ಹಾಕಿಕೊಡತಕ್ಕದ್ದು."

ಒಂದು ಬಟ್ಟಲು ಪುಡಿ

ಸಿಂಧನೂರಿನ ಒಂದು ರೈಸ್ ಮಿಲ್ಲಿನ ಆಫೀಸಿನಲ್ಲೂ ಒಂದು ಮಷೀನಿತ್ತು. ಕಾಪಿಯ ತುಂಬ ಚುಕ್ಕೆ ಬೀಳುತ್ತವೆ ಎಂದು ಕರೆಸಿದರು. ಮಷೀನು ಬಿಸಿಯಾಗಬಾರದೆಂದು ಮಿಲ್ಲಿನ ಸಾವ್ಕಾರರು ಅದರ ಬೆನ್ನಿಗೆ ಒಂದು ಟೇಬಲ್ ಫ್ಯಾನು ಇಡಿಸಿದ್ದರು. ಫ್ಯಾನಿನ ಹಿಂದೆ ಕಿಟಕಿ, ಕಿಟಕಿಯ ಆಚೆ ಭತ್ತ ಹೊಡೆಯುವ ಯಂತ್ರ. ನಾನು ಮಷೀನು ಬಿಚ್ಚಿ ಬ್ರಶ್ಶಿನಿಂದ ಗುಡಿಸಿದೆ. ಕನ್ನಡಿಯ ಮೇಲೆ, ಪಟ್ಟಿಯ ಕೆಳಗೆ, ಎಲ್ಲೆಂದರಲ್ಲಿ ತೌಡು. ಸೇರಿಸಿದರೆ ಒಂದು ಬಟ್ಟಲು ತುಂಬಿತು. ನೋಡಿ ಇನ್ನು ಮೇಲಾದರೂ ಫ್ಯಾನು ತೆಗೆಸಲಿ ಎಂದು ಅದನ್ನು ಹಾಗೇ ಒಯ್ದು ಸಾವ್ಕಾರರ ಮೇಜಿನ ಮೇಲೆ ಇಟ್ಟೆ.

ಅವರು ಎರಡು ಬೆರಳಿನಿಂದ ಒಂದು ಚಿಟಿಕೆ ತೆಗೆದು ತಿಕ್ಕಿ ನೋಡಿದರು. ಮೂಸಿದರು. ಆಮೇಲೆ ಗಂಭೀರವಾಗಿ, "ಚಲೋತ್ನಾಗಿ ಜಾಲಿಸಿ ನೋಡಿರೇನು? ಇದರಾಗ ನುಚ್ಚು ಏನರ ಉಳದೈತೇನು?" ಎಂದು ಕೇಳಿದರು.

ಮಷೀನಿನ ಹಣೆ

ಮಸ್ಕಿಯಲ್ಲಿ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರು ದೈವಭಕ್ತರು. ಸ್ನಾನ, ಪೂಜೆ, ಹಣೆಯ ತುಂಬ ವಿಭೂತಿ ಇಲ್ಲದೆ ಅಂಗಡಿಯ ಬೀಗ ತೆಗೆಯುವವರಲ್ಲ. ಮಷೀನು ತಂದು ತಿಂಗಳೊಪ್ಪತ್ತಿಗೇ ಅವರು ಹೇಳಿ ಕಳಿಸಿದರು. ಯಾವ ಕಾಗದ ಇಟ್ಟರೂ ಕಾಪಿಯಲ್ಲಿ ಅಡ್ಡಕ್ಕೆ ಮೂರು ಪಟ್ಟೆ ಬಂದು ಅಷ್ಟು ಜಾಗದ ಅಕ್ಷರ ಮಾಯ, ನಡುವೆ ಒಂದು ಕರೀ ಗುಂಡು. ಕಚೇರಿಯವರು ನಾಲ್ಕಾರು ಅರ್ಜಿ ವಾಪಸು ಕಳಿಸಿದ್ದರು. ಒಬ್ಬನ ಸರ್ಟಿಫಿಕೇಟಿನಲ್ಲಿ ಅವನ ಹೆಸರು ಹೋಗಿ ಅವನ ಅಪ್ಪನ ಹೆಸರಷ್ಟೇ ಉಳಿದಿತ್ತಂತೆ.

ನಾನು ಬಸ್ಸಿನಲ್ಲಿ ಕೂತು ಉದ್ದಕ್ಕೂ ಲೆಕ್ಕ ಹಾಕಿದೆ. ಒಂದು ಗೆರೆಯಾದರೆ ಒಳಗೆ ಕಾಪಿ ಮೂಡಿಸುವ ಡ್ರಮ್ಮಿಗೆ ಗೀರು ಬಿದ್ದಿದೆ ಎನ್ನಬಹುದು. ಮೂರು ಗೆರೆ, ಅದೂ ಅಡ್ಡಕ್ಕೆ, ನಡುವೆ ಗುಂಡು ಎಂದರೆ ಹೈದರಾಬಾದಿನವರು ಹೇಳಿಕೊಟ್ಟ ಯಾವ ರೋಗಕ್ಕೂ ಹೊಂದುವುದಿಲ್ಲ.

ಅಂಗಡಿಗೆ ಹೋಗಿ ಮುಚ್ಚಳ ಎತ್ತಿದೆ. ಗಾಜಿನ ಮೇಲೆ ಮೂರು ಬೆರಳಿನಿಂದ ಎಳೆದ ವಿಭೂತಿ, ನಟ್ಟನಡುವೆ ಕುಂಕುಮದ ಬೊಟ್ಟು.

"ಅಜ್ಜಾರ, ಇದನ್ನ ಇಲ್ಲಿ ಯಾರ ಹಚ್ಚಿದ್ರಿ?"

"ನಾನ. ಪೂಜಿ ಮಾಡ್ಲಾರದ ಮಷೀನು ಸುರು ಮಾಡ್ತಾರೇನು?"

"ಗಾಜಿಗ್ಯಾಕ ಹಚ್ಚಿದ್ರಿ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಮುಚ್ಚಳ ತೆಗದ್ರ ಒಳಗ ದೀಪ ಹತ್ತೂದು ಎಲ್ಲಿ? ಅಲ್ಲೇ. ಕಾಗದ ನೋಡೂದು ಎಲ್ಲಿಂದ? ಅಲ್ಲಿಂದನ. ಹಂಗಾದ್ರ ಅದು ಅದರ ಹಣಿ, ಅದರ ಮಾರಿ ಆತಲ್ಲ? ಮಾರಿಗೆ ಹಚ್ಚಲಾರದ ವಿಭೂತಿ ಬೆನ್ನಿಗೆ ಹಚ್ಚಲೇನು?"

ವಾದ ಮಾಡಿ ಗೆಲ್ಲುವ ಹಾಗಿರಲಿಲ್ಲ. ಮುಚ್ಚಳವೇ ಅದರ ಹಣೆ, ಗಾಜು ಕಣ್ಣು, ಕಣ್ಣಿಗೆ ವಿಭೂತಿ ಬಿದ್ದರೆ ಉರಿಯುತ್ತದೆ ಎಂದೆ. ಅದು ಅವರಿಗೆ ಒಪ್ಪಿತವಾಯಿತು. ತಾವೇ ಒದ್ದೆ ಬಟ್ಟೆ ತಂದು, "ತಪ್ಪಾತು ತಾಯಿ" ಎಂದು ಗಾಜು ಒರೆಸಿದರು. ವಿಭೂತಿ ಮುಚ್ಚಳದ ಮೇಲೆ ಏರಿತು.

ಅಷ್ಟರಲ್ಲಿ ಒಬ್ಬ ರೈತ ಕಾಪಿ ತೆಗೆಸಲು ಬಂದ. ಹೊಸದಾಗಿ ಬಂದ ಕಾಪಿ ಹಾಲಿನಂತೆ ಬೆಳ್ಳಗೆ, ಅಕ್ಷರ ಒಂದೊಂದೂ ಮುತ್ತು. ನಾನು ಹೆಮ್ಮೆಯಿಂದ ಅವನ ಕೈಗೆ ಕೊಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುವಿ, ಮುಖ ಗಂಟು ಹಾಕಿಕೊಂಡ.

"ಇದರಾಗ ವಿಭೂತಿ ಬಂದಿಲ್ಲಲ್ರೀ ಅಜ್ಜಾರ! ಹೋದ ಸಲ ವಿಭೂತಿ ಬಂದಿತ್ತು, ಹೊಲಕ್ಕ ಕರೆಂಟು ಮಂಜೂರಾತು. ನನಗ ಅಂಥಾದ್ದ ತೆಗೆದುಕೊಡ್ರಿ."

ಸ್ಕ್ಯಾನಿಂಗ್

ಇದು ತೊಂಬತ್ತರ ದಶಕ ಮುಗಿಯುತ್ತ ಬಂದಾಗಿನ ಮಾತು. ಸಿಂಧನೂರಿನಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ಒಬ್ಬ ಹೆಣ್ಣುಮಗಳು ಕಂಪ್ಯೂಟರಿನ ಜೊತೆಗೆ ಸ್ಕ್ಯಾನರು ತರಿಸಿದಳು. ಫೋಟೋ ಇಟ್ಟರೆ ಕಂಪ್ಯೂಟರಿನೊಳಗೆ ಹೋಗುವ ಮಷೀನು ಊರಿಗೆ ಅದೇ ಮೊದಲು. ಸ್ಕ್ಯಾನರು ಬರುವ ಮೊದಲೇ ಹೊರಗೆ ಬೋರ್ಡು ಬರೆಸಿದ್ದಳು: "ಇಲ್ಲಿ ಸ್ಕ್ಯಾನಿಂಗ್ ಮಾಡಲಾಗುತ್ತದೆ."

ಆದರೆ ಮಷೀನು ಬಂದ ದಿನದಿಂದ ಕೆಲಸ ಮಾಡಲಿಲ್ಲ. ಚಾಲೂ ಮಾಡಿದರೆ ಹಲ್ಲು ಕಡಿದ ಹಾಗೆ ಕರಕರ ಎಂದು ಸದ್ದು ಮಾಡಿ ನಿಂತುಬಿಡುತ್ತಿತ್ತು. ಮೂರು ಮನೆಯ ಲಗ್ನಪತ್ರಿಕೆ ಅವಳ ಮೇಜಿನ ಮೇಲೆ ಕಾದಿದ್ದವು. ಅಣ್ಣಾ, ನೀವು ಒಮ್ಮೆ ಕೈ ಹಚ್ಚಿ ನೋಡ್ರಿ ಎಂದು ಕರೆದಳು. ನಾನೂ ಅಂಥ ಮಷೀನು ಮುಟ್ಟಿದವನಲ್ಲ. ಮತ್ತೆ ಮತ್ತೆ ಚಾಲೂ ಮಾಡುತ್ತ ಕಿವಿಗೊಟ್ಟು ಕೂತಿದ್ದೆ.

ಆಗ ಜವಳಗೇರಾದಿಂದ ಬಸ್ಸಿಗೆ ಬಂದ ಅತ್ತೆ ಸೊಸೆ ಒಳಗೆ ಬಂದರು. ಸೊಸೆ ತುಂಬಿದ ಬಸುರಿ. ಅತ್ತೆ ಅವಳನ್ನು ಬೆಂಚಿನ ಮೇಲೆ ಕೂಡಿಸಿ ತಾನು ನಮ್ಮ ಬೆನ್ನ ಹಿಂದೆ ನಿಂತು ನೋಡಿದಳು. ಲಗ್ನಪತ್ರಿಕೆಗೆ ಬಂದವರು ಇರಬೇಕೆಂದು ನಾವು ತಿರುಗಿ ನೋಡಲಿಲ್ಲ. ಮಷೀನು ಮತ್ತೆ ಕರಕರ ಎಂದಿತು.

"ಇಷ್ಟು ಸಪ್ಪಳ ಮಾಡ್ತೈತಲ್ಲವ್ವಾ, ಕೂಸು ಅಂಜೂದಿಲ್ಲೇನು?" ಎಂದಳು ಮುದುಕಿ.

ಯಾವ ಕೂಸು ಎಂದು ನಮಗೆ ತಿಳಿಯಲಿಲ್ಲ. ನಾನು ಮಷೀನು ಬೋರಲು ಹಾಕಿದೆ. ತಳದಲ್ಲಿ ಬೀಗದ ಚಿತ್ರವಿರುವ ಸಣ್ಣ ತಿರುಪು ಕಂಡಿತು. ದಾರಿಯಲ್ಲಿ ಒಳಗಿನ ದೀಪ ಅಲುಗಾಡದಿರಲೆಂದು ಕಂಪನಿಯವರು ಹಾಕಿ ಕಳಿಸಿದ ಬೀಗ. ಅದನ್ನು ತಿರುಗಿಸಿ ಚಾಲೂ ಮಾಡಿದೆ. ದೀಪ ಗಾಜಿನ ಕೆಳಗೆ ನುಣ್ಣಗೆ ಆ ತುದಿಯಿಂದ ಈ ತುದಿಗೆ ಹೋಯಿತು. ಅಂಗಡಿಯವಳು ಚಪ್ಪಾಳೆ ತಟ್ಟಿದಳು.

ಮುದುಕಿ ಮುಂದೆ ಬಂದು, ಆ ಗಾಜನ್ನು ಗೇಣಿನಿಂದ ಅಳೆದು, ಸೊಸೆಯ ಕಡೆ ಒಮ್ಮೆ, ಗಾಜಿನ ಕಡೆ ಒಮ್ಮೆ ನೋಡಿದಳು.

"ಯಪ್ಪಾ, ಇಷ್ಟರ ಮ್ಯಾಲೆ ನನ್ನ ಸೊಸಿ ಹೆಂಗ ಮಲಗಬೇಕು?"

ಆಗ ನಮಗೆ ತಿಳಿಯಿತು. ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿಕೊಂಡು ಬಾ ಎಂದು ಚೀಟಿ ಬರೆದಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಕೇಳಿದಾಗ ಯಾರೋ ಈ ಬೋರ್ಡಿನ ಕಡೆ ಕೈ ಮಾಡಿದ್ದರು. ಇದು ಕಾಗದಕ್ಕೆ ಮಾಡುವ ಸ್ಕ್ಯಾನಿಂಗ್, ನಿಮ್ಮದು ದೊಡ್ಡ ದವಾಖಾನೆಯಲ್ಲಿ, ಎರಡು ಓಣಿ ದಾಟಿ ಎಡಕ್ಕೆ ಎಂದು ಅಂಗಡಿಯವಳು ತಿಳಿಸಿ ಹೇಳತೊಡಗಿದಳು. ಮುದುಕಿ ಬಿಡಲಿಲ್ಲ. ಕಾಗದಕ್ಕೆ ಏನಾಗಿರುತ್ತದೆ, ಅದಕ್ಕೇಕೆ ಸ್ಕ್ಯಾನಿಂಗ್ ಬೇಕು ಎಂದು ಕೇಳುತ್ತ ನಿಂತಳು.

ಅಲ್ಲಿಯ ತನಕ ಹಲ್ಲು ಕಚ್ಚಿ ಸುಮ್ಮನೆ ಕೂತಿದ್ದ ಸೊಸೆ ಆಗ ಮೊದಲ ಸಲ ಬಾಯಿ ತೆರೆದಳು. "ಅತ್ತೀ, ಸ್ಕ್ಯಾನಿಂಗ್ ಎಲ್ಲರ ಇರಲಿ. ಡಾಕ್ಟರು ಹೇಳ್ಯಾರಂತ ಹೊಟ್ಟಿ ತುಂಬ ನೀರು ಕುಡಿಸಿ ಕರಕೊಂಡು ಬಂದೀರಿ. ಮೊದಲ ಬಚ್ಚಲ ಎಲ್ಲೈತಿ ಕೇಳ್ರಿ!"

ಬಾವಿ

ಸಿಂಧನೂರಿನ ಕಚೇರಿಯ ಎದುರಿಗೆ ಒಂದು ಜೆರಾಕ್ಸ್ ಅಂಗಡಿ. ಕಾಪಿಯಲ್ಲಿ ಕರೀ ಕಲೆ ಬರುತ್ತದೆ, ಬಂದು ನೋಡು ಎಂದು ಅಂಗಡಿಯವರು ಎಷ್ಟೋ ಸಲ ಹೇಳಿದ್ದರು. ನನಗೇ ಹೋಗಲು ಆಗಿರಲಿಲ್ಲ. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಕೂತಾಗ ಅಲ್ಲಿಗೆ ವಳಕಮದಿನ್ನಿಯ ಇಬ್ಬರು ಅಣ್ಣ ತಮ್ಮಂದಿರು ಬಂದರು. ಇಬ್ಬರೂ ಒಂದೇ ಬಸ್ಸಿಗೆ ಬಂದಿದ್ದರು, ಆದರೆ ಬೇರೆ ಬೇರೆ ಬಾಗಿಲಿನಿಂದ ಇಳಿದವರ ಹಾಗೆ ದೂರ ದೂರ ನಿಂತರು. ಇಬ್ಬರ ಕೈಯಲ್ಲೂ ಹೊಲದ ನಕಾಶೆಯ ಕಾಪಿ. ವಕೀಲರಿಗೆ ಕೊಡಲು ಇನ್ನಷ್ಟು ಕಾಪಿ ಬೇಕಿತ್ತು.

ನಡೆದದ್ದು ಇಷ್ಟು. ಅಪ್ಪ ತೀರಿದ ಮೇಲೆ ಹಿರಿಯರು ಕೂತು ಹೊಲವನ್ನು ಎರಡು ಪಾಲು ಮಾಡಿದ್ದರು. ಇಬ್ಬರೂ ಸಂತೋಷದಿಂದಲೇ ಒಪ್ಪಿದ್ದರು. ಆಮೇಲೆ ಒಂದೇ ದಿನ ಬಂದು ಇದೇ ಅಂಗಡಿಯಲ್ಲಿ ನಕಾಶೆಯ ಕಾಪಿ ತೆಗೆಸಿಕೊಂಡು, ಮೂಲ ನಕಾಶೆಯನ್ನು ಕಚೇರಿಗೆ ವಾಪಸು ಕೊಟ್ಟು, ಮನೆಗೆ ಹೋಗಿ ಬಿಚ್ಚಿ ನೋಡಿದರೆ, ತಮ್ಮನ ಪಾಲಿನಲ್ಲಿ, ಎರಡು ಪಾಲಿನ ನಡುವಿನ ಗೆರೆಗೆ ಹತ್ತಿಕೊಂಡೇ ಒಂದು ಬಾವಿ! ಅಂಥ ಬಾವಿ ಹೊಲದಲ್ಲಿ ಇರುವುದನ್ನು ಇಬ್ಬರೂ ನೋಡಿರಲಿಲ್ಲ. ಆದರೆ ನಕಾಶೆಯಲ್ಲಿತ್ತು. ಕಾಲುವೆಯ ನೀರು ನಿಂತ ಬೇಸಿಗೆಯಲ್ಲಿ ಬಾವಿ ಎಂದರೆ ಸಣ್ಣ ಮಾತಲ್ಲ. ಅಪ್ಪ ಹಿಂದೆಂದೋ ಮುಚ್ಚಿಸಿರಬೇಕು, ಅದರಲ್ಲಿ ನನಗೂ ಪಾಲು ಬೇಕು ಎಂದು ಅಣ್ಣ. ನನ್ನ ಕಡೆ ಬಿದ್ದಿದ್ದು ನನ್ನದು ಎಂದು ತಮ್ಮ. ಅವರ ಸೋದರತ್ತೆಯನ್ನು ಕೇಳಿದರೆ, ಆಕೆ ಎರಡು ದಿನ ಯೋಚಿಸಿ, ಸಣ್ಣಾಕಿದ್ದಾಗ ಅಲ್ಲಿ ನೀರು ಸೇದಿದ ನೆನಪು ಐತಿ, ಭಾಳ ಸೀ ನೀರು ಎಂದು ಸಾಕ್ಷಿ ಹೇಳಿದ್ದಳು. ಮೂರು ತಿಂಗಳಿಂದ ಎರಡು ಮನೆಗೂ ಮಾತಿಲ್ಲ.

"ಸುಳ್ಳಂದ್ರ ಇಬ್ಬರ ಕಾಪಿಯಾಗೂ ಒಂದ ಜಾಗಾದಾಗ ಹೆಂಗ ಬರ್ತೈತಿ?" ಎಂದ ಅಣ್ಣ, ನನಗೆ ನಕಾಶೆ ತೋರಿಸುತ್ತ. "ನೋಡ್ರಿ, ಇಳಿಯಾಕ ಪಾವಟಿಗಿ ಸೈತ ತೋರಿಸ್ಯಾರ."

ನೋಡಿದೆ. ಕರೀ ಗುಂಡು, ಅದರ ಸುತ್ತ ಸಣ್ಣ ಸಣ್ಣ ಗೆರೆ. ಪಕ್ಕದಲ್ಲಿ ಯಾರದೋ ರೇಷನ್ ಕಾರ್ಡಿನ ಕಾಪಿ ಬಿದ್ದಿತ್ತು. ಎರಡನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದೆ.

"ಈ ರೇಷನ್ ಕಾರ್ಡಿನಾಗೂ ಬಾವಿ ಐತಲ್ರೀ," ಎಂದೆ.

ಅಣ್ಣ ತಮ್ಮ ಇಬ್ಬರೂ ಬಗ್ಗಿದರು. ನಾನು ತಿರುಪು ಬಿಚ್ಚಿ ಗಾಜು ಎತ್ತಿ ಬೋರಲು ಮಾಡಿದೆ. ಒಳಮೈಗೆ ಒಂದು ಸತ್ತ ನೊಣ ಅಂಟಿ ಒಣಗಿತ್ತು. ಚಿಮುಟದಿಂದ ಬಿಡಿಸಿ ಬಿಳೀ ಹಾಳೆಯ ಮೇಲೆ ಇಟ್ಟೆ. ಅದರ ಕಾಲು ಒಂದೂ ಮುರಿದಿರಲಿಲ್ಲ.

ತಮ್ಮ ನೊಣದ ಕಾಲಿಗೆ ಬೆರಳು ಮಾಡಿ ಎಣಿಸಿದ. "ಆರು ಪಾವಟಿಗಿ," ಎಂದ. ಅಣ್ಣನಿಗೆ ನಗು ಬಂತೋ ಅಳು ಬಂತೋ, ಟವೆಲಿನಿಂದ ಮುಖ ಒರೆಸಿಕೊಂಡ.

"ಇದರ ಸಲುವಾಗಿ ನನ್ನ ಬಸುರಿ ಮಗಳ ಕುಬಸದ ಕಾರ್ಯಕ್ಕ ನೀ ಬರಲಿಲ್ಲಲ್ಲೋ," ಎಂದ.

"ನೀ ಕರೀಲಿಲ್ಲಲ್ಲೋ ಅಣ್ಣಾ."

"ನಡಿ, ಚಾ ಕುಡಿಯೂಣು."

ಹೆಗಲ ಮೇಲೆ ಕೈ ಹಾಕಿಕೊಂಡು ಇಬ್ಬರೂ ಎದುರಿನ ಹೋಟೆಲ್ಲಿಗೆ ಹೋದರು. ರಿಪೇರಿ ಕೆಲಸದಲ್ಲಿ ಇಂಥದ್ದು ದಿನಾ ಆಗುವುದಿಲ್ಲ. ನಾನು ಗಾಜು ಒರೆಸಿ ಮತ್ತೆ ಕೂರಿಸಿ, ತಿರುಪು ಬಿಗಿ ಮಾಡುತ್ತಿದ್ದೆ.

ಬಾಗಿಲಲ್ಲಿ ನೆರಳು ಬಿತ್ತು. ತಲೆಯೆತ್ತಿದರೆ ಅಣ್ಣ, ಒಬ್ಬನೇ. ಹೋಟೆಲ್ಲಿನ ಕಡೆ ಒಮ್ಮೆ ತಿರುಗಿ ನೋಡಿ, ಒಳಗೆ ಬಂದು, ನನ್ನ ಕಿವಿಯ ಹತ್ತಿರ ಬಗ್ಗಿದ.

"ಆ ನೊಣ ಒಗದ್ರೇನ್ರೀ?"

"ಇಲ್ಲ, ಇಲ್ಲೇ ಹಾಳಿ ಮ್ಯಾಲೆ ಐತಿ. ಯಾಕ್ರೀ?"

"ಏನಿಲ್ರಿ. ಅದನ್ನ ಗೆರಿಯಿಂದ ಎರಡ ಬೆರಳು ನನ್ನ ಕಡೆ ಸರಿಸಿಟ್ಟು, ಇನ್ನೊಂದು ಕಾಪಿ ತೆಗೆದುಕೊಡ್ರಿ."